ಎರಡೂವರೆ ಆಣೆಯ ಬದನೆಕಾಯಿ

ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಸಯನ್ನಿನ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ ನಮ್ಮದು ಒಂದೂವರೆ ಖೋಲಿಯ ಮನೆ. ಯಜಮಾನರು ಕುರ್ಲಾದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಲೋಕಲ್ ಗಾಡಿಯಲ್ಲಿ ಸಯನ್ ಬಿಟ್ಟರೆ ಮುಂದಿನ ಸ್ಟೇಷನ್ನೇ ಕುರ್ಲಾ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರರ ಹೊತ್ತಿಗೆ ಮನೆಗೆ ಬರುತ್ತಿದ್ದರು.

ನನ್ನ ತಂದೆ ಧಾರವಾಡದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುವವರು. ನಮ್ಮ ಮನೆಯಲ್ಲಿ ಯಾರಾದರೂ ಚೀಲ ಹಿಡಿದು ಒಳಗೆ ಬಂದರೆ ಮೊದಲು ಕೇಳುವ ಮಾತು, "ಎಷ್ಟಕ್ಕ ತಂದಿ?" ಎಂದು. ಕುಡಿಯಲು ನೀರು ಕೊಡುವುದು ಆಮೇಲೆ. ಸಂತೆಯ ದಿನ ಅವ್ವ ಇಡೀ ಸಂತೆಯನ್ನು ಒಂದು ಸುತ್ತು ಬರಿಗೈಯಲ್ಲಿ ತಿರುಗಿ, ಎಲ್ಲರ ದರ ಕೇಳಿಕೊಂಡು, ಎರಡನೆಯ ಸುತ್ತಿನಲ್ಲಿ ಚೀಲ ಬಿಚ್ಚುತ್ತಿದ್ದಳು. ಅದರಲ್ಲಿ ಜಿಪುಣತನವೇನೂ ಇರಲಿಲ್ಲ. ಕೊಳ್ಳುವ ರೀತಿಯೇ ಅದು ಎಂದು ನಾವೆಲ್ಲ ತಿಳಿದಿದ್ದೆವು. ಗಂಡನ ಮನೆಗೆ ಬರುವಾಗ ಸೀರೆ ಪಾತ್ರೆಗಳ ಜೊತೆ ಆ ಅಭ್ಯಾಸವನ್ನೂ ನಾನು ಹೊತ್ತುಕೊಂಡು ಬಂದೆ.

ಬಂದ ಮೊದಲ ವಾರ ನನಗೆ ಹೊರಗೆ ಹೋಗಲು ಧೈರ್ಯವಿರಲಿಲ್ಲ. ತರಕಾರಿಯನ್ನು ಅವರೇ ಆಫೀಸಿನಿಂದ ಬರುವಾಗ ತರುತ್ತಿದ್ದರು. ಒಂದು ಸಂಜೆ ಒಂದು ಸೇರು ಬದನೆಕಾಯಿ ತಂದು ಅಡಿಗೆ ಕಟ್ಟೆಯ ಮೇಲೆ ಇಟ್ಟರು. ಎಳೆಯ, ಹೊಳೆಯುವ ಕಾಯಿ. ನಾನು ಕೈಯಲ್ಲಿ ಒಂದನ್ನು ಹಿಡಿದು, "ಎಷ್ಟಕ್ಕ ಸೇರ್ರಿ?" ಎಂದೆ.

"ಐದಾಣೆ."

"ಐದಾಣೆ? ನಮ್ಮ ಕಡೆ ಐದಾಣೆಕ್ಕ ಬುಟ್ಟಿ ತುಂಬ ಬರತಾವ್ರಿ."

ಅಷ್ಟು ಹೇಳಿದ ಮೇಲೆ ನನ್ನ ಕಣ್ಣಿನಲ್ಲಿ ನೀರು ಬಂದುಬಿಟ್ಟಿತು. ಒರೆಸಿಕೊಳ್ಳಲು ಹೋದೆ, ನಿಲ್ಲಲಿಲ್ಲ. ಅವರು ಟೋಪಿ ತೆಗೆಯುವುದನ್ನೂ ಮರೆತು ಬಾಗಿಲ ಬಳಿ ನಿಂತೇ ಇದ್ದರು. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಅಳುವ ಹೆಂಡತಿಯ ಹತ್ತಿರ ಹೇಗೆ ಬರಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ, "ನಾಳೆ ಬ್ಯಾರೆ ಕಡೆ ನೋಡ್ತೀನಿ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಎರಡು ದಿನ ಬಿಟ್ಟು ಮತ್ತೆ ಬದನೆಕಾಯಿ ಬಂತು. ಅವರ ಮುಖದಲ್ಲಿ ಗೆಲುವಿತ್ತು. ನಾನು ಕೇಳುವ ಮೊದಲೇ, "ಇವತ್ತ ಎರಡೂವರೆ ಆಣೆಕ್ಕ ಸಿಕ್ಕಾವ ನೋಡು" ಎಂದರು.

"ಎಲ್ಲೆ?"

"ಕುರ್ಲಾದಾಗ. ಸ್ಟೇಷನ್ ಹೊರಗ, ಸೇತುವಿ ಮೆಟ್ಟಲದ ಬುಡಕ ಒಬ್ಬಾಕಿ ಮುದುಕಿ ಕೂಡತಾಳ. ಊರಿಗೆಲ್ಲ ಐದಾಣೆ ಅಂದ್ರ ಆಕಿದು ಎರಡೂವರಿ."

ನನಗೆ ಬಹಳ ಸಂತೋಷವಾಯಿತು. ಗಂಡ ಚೌಕಾಶಿ ಮಾಡಬಲ್ಲವನು ಎಂಬ ಸಂತೋಷ. ಅಂದಿನಿಂದ ನಮ್ಮ ಮನೆಗೆ ಬೆಂಡೆ, ಹೀರೆ, ಚವಳಿ, ಮೆಂತ್ಯದ ಕಟ್ಟು ಎಲ್ಲವೂ ಕುರ್ಲಾದ ಮುದುಕಿಯಿಂದಲೇ, ಎಲ್ಲವೂ ಅರ್ಧ ಬೆಲೆಗೆ ಬರತೊಡಗಿದವು. ತವರಿಗೆ ಬರೆದ ಪತ್ರದಲ್ಲಿ ನಾನು ದರಗಳನ್ನೆಲ್ಲ ಬರೆದೆ. ಅಳಿಯ ವ್ಯವಹಾರ ಬಲ್ಲವರು ಎಂದು ಅಪ್ಪನಿಂದ ಉತ್ತರ ಬಂತು. ಅದನ್ನು ಅವರಿಗೆ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತ ಕೂತರು.

ನಮ್ಮ ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಇದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ದಾದರಿನ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ದುಡ್ಡು ಎಣಿಸಲು ಕೂರುವವರು. ಹೋಟೆಲಿಗೆ ದಿನವೂ ಭಾಯ್ಖಳಾದ ಸಗಟು ಮಾರುಕಟ್ಟೆಯಿಂದ ತರಕಾರಿ ಬರುತ್ತಿದ್ದುದರಿಂದ ಅಲ್ಲಿಯ ದರ ಅಕ್ಕನಿಗೆ ಮನೆಯಲ್ಲಿ ಕೂತಲ್ಲೇ ತಿಳಿಯುತ್ತಿತ್ತು. ಭಾಯ್ಖಳಾದಲ್ಲಿ ಇಂದು ನೀರುಳ್ಳಿಗೆ ಎಷ್ಟು, ಅದೇ ನೀರುಳ್ಳಿ ದಾದರಿಗೆ ಬರುವಷ್ಟರಲ್ಲಿ ಎಷ್ಟಾಯಿತು, ಮಾಟುಂಗದಲ್ಲಿ ಎಷ್ಟು ಕೇಳುತ್ತಾರೆ, ಸಯನ್ ಸ್ಟೇಷನ್ ರಸ್ತೆಯ ಕಳ್ಳರು ಎಷ್ಟು ಕೇಳುತ್ತಾರೆ, ಎಲ್ಲವೂ ಅವಳ ಬಾಯಲ್ಲಿತ್ತು. ಬಸಳೆ, ಸೌತೆಗೆಂದು ಮಾಟುಂಗಕ್ಕೆ ನಡೆದೇ ಹೋಗುವಳು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಹಣ್ಣುಗಳನ್ನು ಗೋಪುರದ ಹಾಗೆ ಪೇರಿಸಿ ಇಟ್ಟಿರುತ್ತಾರೆಂದು ನನಗೆ ಮೊದಲು ಹೇಳಿದವಳೂ ಅವಳೇ. ಅಲ್ಲಿಗೆ ವರ್ಷಕ್ಕೊಮ್ಮೆ ಹೋಗಿ, ದರ ಮಾತ್ರ ಕೇಳಿ, ಏನನ್ನೂ ಕೊಳ್ಳದೆ ಬರುತ್ತಿದ್ದಳು.

ಇಂಥವಳ ಎದುರು ನಾನು ಒಂದು ದಿನ ನಳದ ಬಳಿ ಬದನೆಕಾಯಿ ತೊಳೆಯುತ್ತ, ಎರಡೂವರೆ ಆಣೆ ಎಂದುಬಿಟ್ಟೆ.

ಅಕ್ಕ ಕೊಡವನ್ನು ಕೆಳಗಿಟ್ಟಳು. "ಎಂತ ಮಾರಾಯ್ತಿ, ಎರಡೂವರೆಯಾ? ಭಾಯ್ಖಳಾದಲ್ಲಿ ಗೋಣಿ ಲೆಕ್ಕದಲ್ಲಿ ತೆಗೆದರೂ ಆ ಕ್ರಯಕ್ಕೆ ಸಿಗುವುದಿಲ್ಲ."

"ಕುರ್ಲಾದಾಗ ಸಿಗತಾವ ಅಕ್ಕಾರ. ನಮ್ಮವರು ತರತಾರ."

ಅವಳು ನನ್ನ ಕೈಯಿಂದ ಒಂದು ಕಾಯಿ ತೆಗೆದುಕೊಂಡು ತಿರುಗಿಸಿ ನೋಡಿದಳು. ಹುಳುಕಿಲ್ಲ, ಬಾಡಿಲ್ಲ. "ಹಾಗಾದರೆ ನಾಳೆ ನಮಗೂ ಒಂದು ಸೇರು ತರಲಿಕ್ಕೆ ಹೇಳು" ಎಂದಳು. ಅವಳ ದನಿಯಲ್ಲಿ ಪರೀಕ್ಷೆ ಮಾಡುವ ಧಾಟಿಯಿತ್ತು. ನನಗೆ ಅದು ತಿಳಿದೂ ಹೆಮ್ಮೆಯಾಯಿತು.

ಆ ಸಂಜೆ ನಾನು ವಿಷಯ ಹೇಳಿದಾಗ ಯಜಮಾನರು ಛತ್ರಿಯನ್ನು ಮೂಲೆಗೆ ಒರಗಿಸುತ್ತ ಕೇಳಿದರು. "ಅವರಿಗೂ ತರೂದೇನು?"

"ಒಂದ ಸೇರು. ನಿಮಗ ದಾರ್‍ಯಾಗ ಅಲ್ಲೇನ್ರಿ?"

"ದಾರ್‍ಯಾಗ ಅದ. ತರ್ತೀನಂತ" ಎಂದರು.

ತಂದರು. ಅಕ್ಕ ಎರಡೂವರೆ ಆಣೆ ಎಣಿಸಿ ಕೊಟ್ಟಳು. ಪರೀಕ್ಷೆಯಲ್ಲಿ ಅವರು ಗೆದ್ದದ್ದು ನೋಡಿ ಮೇಲಿನ ಮಹಡಿಯ ಇನ್ನೊಂದು ಮನೆಯವರೂ ಹೇಳಿಕಳಿಸತೊಡಗಿದರು. ವಾರಕ್ಕೆ ಮೂರು ನಾಲ್ಕು ಸಲ ಅವರು ಎರಡು ಚೀಲ ಹೊತ್ತು ಬರುವುದು ರೂಢಿಯಾಯಿತು. ಅದೇ ದಿನಗಳಲ್ಲಿ ಅವರು ಮನೆಗೆ ಬರುವುದು ತಡವಾಗುತ್ತ ಬಂತು. ಆರರ ಬದಲು ಆರೂಮುಕ್ಕಾಲು, ಏಳು. ಕೇಳಿದರೆ, ಗಾಡಿ ತಡ ಎನ್ನುವರು. ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಂತಾಗಿತ್ತು. ಮುಂಬಯಿಯಲ್ಲಿ ಚಪ್ಪಲಿ ಬೇಗ ಸವೆಯುತ್ತವೆ ಎಂದುಕೊಂಡೆ. ಗುಮಾಸ್ತರು ಕೂತು ಕೆಲಸ ಮಾಡುವವರು, ಅವರ ಚಪ್ಪಲಿ ಏಕೆ ಸವೆಯಬೇಕು ಎಂದು ನನಗೆ ಹೊಳೆಯಲಿಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ಅಕ್ಕನ ಮನೆಗೆ ಊರಿನಿಂದ ನೆಂಟರು ಬರುವವರಿದ್ದರು. ಹತ್ತು ಜನರ ಊಟ, ನಾಲ್ಕು ದಿನ. ಅಷ್ಟೊಂದು ತರಕಾರಿಯನ್ನು ನಿನ್ನ ಗಂಡನ ತಲೆಯ ಮೇಲೆ ಹೊರಿಸುವುದು ಸರಿಯಲ್ಲ, ಆ ಅಜ್ಜಿಯ ಹತ್ತಿರ ನಾವೇ ಹೋಗುವ ಎಂದಳು ಅಕ್ಕ. "ನನಗೂ ಅವಳನ್ನು ಒಮ್ಮೆ ನೋಡಬೇಕು. ಆ ಕ್ರಯಕ್ಕೆ ಮಾರಿ ಅವಳು ಹೇಗೆ ಬದುಕುವುದು ಅಂತ."

ಒಂದು ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ಹೊರಟೆವು. ಗಂಡ ಜೊತೆಗಿಲ್ಲದೆ ನಾನು ಲೋಕಲ್ ಹತ್ತಿದ್ದು ಅದೇ ಮೊದಲು. ಕೂರುವ ಮೊದಲೇ ಕುರ್ಲಾ ಬಂತು. ಸ್ಟೇಷನ್ನಿನ ಹೊರಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಕೈಗಾಡಿ, ಗೋಣಿತಾಟು ಹಾಸಿ ಕೂತ ಮಾರುವವರು. ಅಕ್ಕ ನನ್ನ ಅವ್ವನಂತೆಯೇ ಮೊದಲು ಬರಿಗೈಯಲ್ಲಿ ಒಂದು ಸುತ್ತು ತಿರುಗಿದಳು. ಬದನೆಕಾಯಿ ಒಬ್ಬನ ಬಳಿ ಐದಾಣೆ, ಇನ್ನೊಬ್ಬನ ಬಳಿ ಐದೂವರೆ. ಬೆಂಡೆ ಸಯನ್ನಿನದೇ ದರ. ಟೊಮೇಟೊ ಸಯನ್ನಿಗಿಂತ ಅರ್ಧ ಆಣೆ ಹೆಚ್ಚು.

"ಇಲ್ಲಿ ಎಂತದೂ ಕಡಿಮೆ ಇಲ್ಲ" ಎಂದಳು ಅಕ್ಕ. "ಆ ಅಜ್ಜಿಯೊಬ್ಬಳೇ ಹೇಗೆ?"

ಅಜ್ಜಿ ನಿಜವಾಗಿಯೂ ಇದ್ದಳು. ಸೇತುವೆಯ ಮೆಟ್ಟಿಲ ಬುಡದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಚ್ಚೆ ಹಾಕಿದ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು ಕೂತಿದ್ದಳು. ಎದುರಿಗೆ ಬದನೆ, ಹೀರೆ, ಕೊತ್ತಂಬರಿ. ಅವಳನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಮರಾಠಿಯಲ್ಲಿ ದರ ಕೇಳಿದಳು.

"ಪಾಚ್ ಆಣೆ" ಎಂದಳು ಅಜ್ಜಿ.

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತು, ನೀನು ಒಬ್ಬರಿಗೆ ದಿನವೂ ಎರಡೂವರೆಗೆ ಕೊಡುತ್ತೀಯಂತೆ, ನಮಗೇಕೆ ಐದು ಎಂದು ಕೇಳಿದಳು. ಅಜ್ಜಿಗೆ ಸಿಟ್ಟು ಬಂತು. ಯಾರಿಗೆ ಕೊಟ್ಟೆ, ಕರೆದುಕೊಂಡು ಬಾ ಎಂದಳು. ನಾನೇ ನಡುವೆ ಬಾಯಿ ಹಾಕಿ, ನನಗೆ ಬಂದಷ್ಟು ಮರಾಠಿಯಲ್ಲಿ, ಕನ್ನಡಕ, ಕರಿ ಟೋಪಿ, ಉದ್ದನೆಯ ಛತ್ರಿ ಎಂದೆ.

ಅಜ್ಜಿಯ ಸಿಟ್ಟು ಇಳಿಯಿತು. ಅವಳು ಹೇಳಿದ ಮರಾಠಿ ಮಾತುಗಳೆಲ್ಲ ನನಗೆ ಅರ್ಥವಾದವು, ಅರ್ಥವಾಗದಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಆ ಛತ್ರಿಯವನೇ, ದೇವರಂಥ ಮನುಷ್ಯ. ಈ ಬಜಾರಿನಲ್ಲಿ ದರ ಕೇಳಿ ಮರುಮಾತಾಡದವನು ಅವನೊಬ್ಬನೇ. ಐದು ಎಂದರೆ ಐದು ಕೊಡುತ್ತಾನೆ. ನನಗೇ ನಾಚಿಕೆಯಾಗಿ ಅರ್ಧ ಆಣೆ ಬಿಡಲು ಹೋದರೆ, ರಾಹೂ ದೇ, ಇರಲಿ ಬಿಡು ಎನ್ನುತ್ತಾನೆ. ಕೊತ್ತಂಬರಿಯನ್ನು ನಾನೇ ಒತ್ತಾಯ ಮಾಡಿ ಚೀಲಕ್ಕೆ ಹಾಕುತ್ತೇನೆ. ಆಮೇಲೆ ಆ ಎರಡು ಚೀಲ ಹೊತ್ತು ಸಯನ್ನಿನ ದಾರಿ ಹಿಡಿದು ನಡೆಯುತ್ತಾನೆ. ಸ್ಟೇಷನ್ ಇಲ್ಲೇ ಇದೆಯಲ್ಲ ಬಾಬಾ, ಗಾಡಿಯಲ್ಲಿ ಹೋಗು ಎಂದರೆ, ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಾನೆ.

ನಾನು ಸೇತುವೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜನ ನನ್ನ ಪಕ್ಕದಲ್ಲೇ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಐದಕ್ಕೆ ಕೊಂಡು ಎರಡೂವರೆ ಎಂದು ಹೇಳುತ್ತಿದ್ದರು. ನಮ್ಮ ಮನೆಯದಷ್ಟೇ ಅಲ್ಲ, ಇನ್ನೂ ಎರಡು ಮನೆಯ ತರಕಾರಿಗೆ ಅರ್ಧ ದುಡ್ಡು ತಮ್ಮ ಕೈಯಿಂದ ಹಾಕುತ್ತಿದ್ದರು. ಗಾಡಿಯ ಪಾಸನ್ನು ಬಿಟ್ಟಿದ್ದರು. ಇನ್ನು ಏನೇನು ಬಿಟ್ಟಿದ್ದರೋ. ಮಧ್ಯಾಹ್ನದ ಚಹಾ ಕುಡಿದರೆ ಈಚೆಗೆ ಎದೆ ಉರಿಯುತ್ತದೆ ಎಂದಿದ್ದು ನೆನಪಾಯಿತು.

ಅಕ್ಕ ಅಜ್ಜಿಯೊಂದಿಗೆ ಹದಿನೈದು ನಿಮಿಷ ವಾದ ಮಾಡಿ, ನಾಲ್ಕು ಆಣೆಯ ಲೆಕ್ಕದಲ್ಲಿ ಹತ್ತು ಸೇರು ಬದನೆ ತೆಗೆದುಕೊಂಡಳು. ಅಂಥ ಹೊತ್ತಿನಲ್ಲೂ ಅವಳು ಚೌಕಾಶಿ ಬಿಡಲಿಲ್ಲವಲ್ಲ ಎಂದು ನನಗೆ ಆಗ ಸಿಟ್ಟು ಬಂದಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚೀಲ ಇಟ್ಟು ಕೂತ ಮೇಲೆ ಅವಳು ಕೇಳಿದಳು.

"ನೀನು ಅವರಿಗೆ ಮೊದಲು ಎಂತ ಹೇಳಿದ್ದು?"

ನಾನು ಮೊದಲ ವಾರದ ಆ ಸಂಜೆಯನ್ನು ಹೇಳಿದೆ. ಐದಾಣೆಗೆ ಬುಟ್ಟಿ ತುಂಬ ಬರುತ್ತದೆ ಎಂದದ್ದು, ಅತ್ತದ್ದು.

"ಬದನೆಕಾಯಿಗೆ ಅತ್ತದ್ದಾ?"

"ಅಲ್ಲ ಅಕ್ಕಾರ." ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. "ಆ ಬದನೀಕಾಯಿ ನಮ್ಮ ಕಡೇದರ ಹಂಗ ಇತ್ತು. ಅವ್ವನ ನೆನಪಾತು. ಅದಕ್ಕ ಅಳು ಬಂತು. ಅವರು ರೊಕ್ಕಕ್ಕ ಅಂತ ತಿಳಕೊಂಡ್ರು."

ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಒಂದು ಗಾಡಿ ಬಂದು ಹೋಯಿತು, ನಾವು ಹತ್ತಲಿಲ್ಲ. "ನನಗೆ ತಂದುಕೊಟ್ಟದರ ಬಾಕಿ ಎಷ್ಟಾಯಿತು ಅಂತ ನನಗೆ ಗೊತ್ತುಂಟು" ಎಂದಳು. "ಕೊಡಲಿಕ್ಕೆ ಹೋದರೆ ಅವರ ಮರ್ಯಾದೆ ಹೋಗ್ತದೆ. ನೀನೂ ಕೇಳಬೇಡ. ಮೇಲಿನ ಮನೆಯವರಿಗೆ ನಾನು ಹೇಳುತ್ತೇನೆ, ಆ ಅಜ್ಜಿ ಊರಿಗೆ ಹೋದಳು ಅಂತ."

ಆ ಸಂಜೆ ಅವರು ಏಳಕ್ಕೆ ಬಂದರು. ಪಾದದಿಂದ ಮೊಣಕಾಲವರೆಗೆ ಧೋತರಕ್ಕೆ ಧೂಳು ಹತ್ತಿತ್ತು. ಎರಡು ತಿಂಗಳಿಂದ ಆ ಧೂಳನ್ನು ಒಗೆಯುತ್ತಿದ್ದವಳೇ ನಾನು.

"ಗಾಡಿ ತಡ ಆತೇನ್ರಿ?"

"ಹೂಂ. ಇವತ್ತ ಭಾಳ ತಡ."

ನಾನು ನೀರು ಕಾಯಿಸಿ ಒಂದು ಹಿಡಿ ಉಪ್ಪು ಹಾಕಿ, ಕಾಲಿಟ್ಟುಕೊಂಡು ಕೂಡ್ರಿ ಎಂದೆ. ಇದೇನು ಹೊಸದು ಎನ್ನುವಂತೆ ನೋಡಿದರು. ಆದರೆ ಬಿಸಿನೀರಿನಲ್ಲಿ ಕಾಲು ಇಟ್ಟ ಮೇಲೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಊಟದ ಮೇಲೆ ನಾನು, ಇನ್ನು ಮುಂದೆ ಬಾಜಾರ ನಾನೇ ಮಾಡುತ್ತೇನೆ, ಮನೆಯಲ್ಲಿ ಕೂತು ಬೇಸರ, ಅಕ್ಕ ಜೊತೆಗಿರುತ್ತಾರೆ ಎಂದೆ.

ಅವರಿಗೆ ಗಾಬರಿಯಾಯಿತು. "ನಿನಗ ಆ ದರಕ್ಕ ಕೊಡೂದಿಲ್ಲ ಅವರು."

"ಇಲ್ಲದಿದ್ರ ಇಲ್ಲ. ಕಲೀತೀನಿ."

ಮರುದಿನ ಸಯನ್ ಸ್ಟೇಷನ್ ರಸ್ತೆಯಲ್ಲಿ ನಾನು ಮುಂಬಯಿಯಲ್ಲಿ ಮೊದಲ ಸಲ ತರಕಾರಿ ಕೊಂಡೆ. ಅಕ್ಕ ಎರಡು ಹೆಜ್ಜೆ ಹಿಂದೆ ನಿಂತು ಏನೂ ತಿಳಿಯದವಳಂತೆ ಆಕಾಶ ನೋಡುತ್ತಿದ್ದಳು. ನನ್ನ ಮರಾಠಿಗೆ ಮಾರುವವನು ನಕ್ಕ, ಆದರೆ ಅರ್ಧ ಆಣೆ ಇಳಿಸಿದ. ಸಂಜೆ ಯಜಮಾನರು ಆರೂಕಾಲಿಗೇ ಬಂದರು. ಅಡಿಗೆ ಕಟ್ಟೆಯ ಮೇಲಿನ ಬದನೆಕಾಯಿ ನೋಡಿ, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗೆ, "ಎಷ್ಟಕ್ಕ ತಂದಿ?" ಎಂದರು.

"ನಾಲ್ಕೂವರಿ ಆಣೆ."

ಅವರ ಹೆಗಲು ಇಳಿದದ್ದು ನನಗೆ ಕಾಣಿಸಿತು. "ಇತ್ತೀಚಿಗೆ ಎಲ್ಲಾ ತುಟ್ಟಿ ಆಗಿಬಿಟ್ಟದ" ಎಂದರು. "ಹೌದ್ರಿ" ಎಂದೆ.

ಅಕ್ಕ ತನ್ನ ಬಾಕಿಯನ್ನು ತನ್ನದೇ ರೀತಿಯಲ್ಲಿ ತೀರಿಸಿದಳು. ಪತ್ರೊಡೆ ಮಾಡಿದರೆ ನಮ್ಮ ಮನೆಗೆ ಒಂದು ತಟ್ಟೆ, ನೀರುದೋಸೆ ಮಾಡಿದ ದಿನ ಅವರು ಆಫೀಸಿಗೆ ಹೊರಡುವ ಮುಂಚೆ ಬಿಸಿ ಬಿಸಿ ನಾಲ್ಕು. ಅವರಿಗೆ ಕರಾವಳಿಯ ಅಡಿಗೆ ಅಷ್ಟೊಂದು ಹಿಡಿಸುತ್ತಿರಲಿಲ್ಲ. ಬೇಡ ಎನ್ನಲು ಬಾಯಿ ಬಾರದೆ ಎಲ್ಲವನ್ನೂ ತಿನ್ನುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಹಿಡಿಸತೊಡಗಿತು.

ಹೊಸ ಪೈಸೆ ಬಂದ ವರ್ಷ ಈ ಗುಟ್ಟು ಒಡೆಯಿತು. ರೂಪಾಯಿಗೆ ನೂರು ಪೈಸೆ ಎಂದಾಗ ಬಜಾರಿನಲ್ಲಿ ದಿನವೂ ಜಗಳ. ಒಂದಾಣೆಗೆ ಆರು ಪೈಸೆಯೋ, ಏಳೋ ಎಂದು ಕೊಳ್ಳುವವರು ಒಂದು ಹೇಳಿದರೆ ಮಾರುವವರು ಇನ್ನೊಂದು. ಕುರ್ಲಾದ ಅಜ್ಜಿಗೆ ಎಲ್ಲರೂ ಮೋಸ ಮಾಡುತ್ತಾರೆಂದು ಯಜಮಾನರು ಆಫೀಸು ಬಿಟ್ಟ ಮೇಲೆ ಅವಳ ಬಳಿ ಸ್ವಲ್ಪ ಹೊತ್ತು ನಿಂತು, ಹೊಸ ನಾಣ್ಯ ಹಳೆಯ ನಾಣ್ಯಗಳನ್ನು ಬೇರೆ ಮಾಡಿ ತೋರಿಸಿಕೊಡುತ್ತಿದ್ದರು. ಆ ವಿಷಯವನ್ನು ನನಗೆ ಮುಚ್ಚಿಡಲಿಲ್ಲ. ಒಂದು ಭಾನುವಾರ, ಬಾ, ನಿನಗೆ ಆ ಮುದುಕಿಯನ್ನು ತೋರಿಸುತ್ತೇನೆ ಎಂದು ಕರೆದುಕೊಂಡು ಹೋದರು. ಹೋಗುವುದು ಬೇಡ ಎಂದು ನಾನು ಏನೇನೋ ನೆಪ ಹೇಳಿದೆ, ನಡೆಯಲಿಲ್ಲ.

ಅಜ್ಜಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಇವಳು ನಿನ್ನ ಹೆಂಡತಿಯಾ, ಇವಳು ನನಗೆ ಮೊದಲೇ ಗೊತ್ತು, ಆ ವಾದ ಮಾಡುವ ಹೆಂಗಸಿನ ಜೊತೆ ಬಂದು ನಿನ್ನ ವಿಷಯ ಕೇಳಿಕೊಂಡು ಹೋಗಿದ್ದಳು ಎಂದಳು.

ಬರುವಾಗ ಅವರು ಸ್ಟೇಷನ್ನಿನ ಕಡೆ ತಿರುಗಲಿಲ್ಲ. ಸಯನ್ನಿನ ದಾರಿ ಹಿಡಿದು ನಡೆದರು. ನಾನೂ ಜೊತೆಗೆ ನಡೆದೆ. ಆ ದಾರಿ ಎಷ್ಟು ಉದ್ದ ಎಂದು ನನಗೆ ಅಂದೇ ತಿಳಿದದ್ದು. ಅರ್ಧ ದಾರಿ ಸಾಗಿದ ಮೇಲೆ ಅವರು ಕೇಳಿದರು.

"ಯಾವಾಗಿಂದ ಗೊತ್ತದ ನಿನಗ?"

"ನಾನು ಬಾಜಾರ ಮಾಡಾಕ ಸುರು ಮಾಡಿದ ಹಿಂದಿನ ದಿನದಿಂದ."

ಅವರು ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ಅಕ್ಕಾರಿಗೂ ಗೊತ್ತದ?"

"ಗೊತ್ತದ್ರಿ."

"ಅದಕ್ಕ ಆ ಪತ್ರೊಡೆ ಏನು" ಎಂದರು. ಆಮೇಲೆ ನಗತೊಡಗಿದರು. ಸಪ್ಪಳವಿಲ್ಲದೆ, ಛತ್ರಿಯ ಹಿಡಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಅಂದು ಅತ್ತದ್ದು ಏಕೆಂದು ಹೇಳಿದೆ. ನಗು ನಿಂತಿತು. "ಅದನ್ನ ಅವತ್ತ ಹೇಳಬಾರದೇನ? ಧಾರವಾಡಕ್ಕ ಕಳಸಿ ಕೊಡ್ತಿದ್ದೆ ಎಂಟು ದಿನ" ಎಂದರು. ಆ ವರ್ಷ ದೀಪಾವಳಿಗೆ ಕಳಿಸಿಯೂ ಕೊಟ್ಟರು.

ಮರುವರ್ಷ ಅಕ್ಕನ ಗಂಡ ಗೋರೆಗಾಂವಿನಲ್ಲಿ ಸ್ವಂತ ಹೋಟೆಲು ಹಾಕಿ, ಅವರ ಸಂಸಾರ ಅಲ್ಲಿಗೆ ಹೋಯಿತು. ಅವಳು ಹೋದ ಮೇಲೆ ನಳದ ಬಳಿ ದರ ಕೇಳುವವರು ಯಾರೂ ಉಳಿಯಲಿಲ್ಲ. ಕಡಿಮೆಗೆ ಕೊಂಡರೂ ಅದರಲ್ಲಿ ರುಚಿ ಇರಲಿಲ್ಲ. ಎರಡು ತಿಂಗಳು ಬಿಟ್ಟು ನಾವಿಬ್ಬರೂ ದಾದರಿನಲ್ಲಿ ಗಾಡಿ ಬದಲಿಸಿ ಅವಳನ್ನು ನೋಡಲು ಹೋದೆವು. ಆಗ ಗೋರೆಗಾಂವಿನಲ್ಲಿ ಮನೆಗಳ ಹಿಂದೆಯೇ ತೋಟ, ಹೊಲ. ಹೆಂಗಸರು ಆಗಷ್ಟೇ ಕಿತ್ತ ಸೊಪ್ಪನ್ನು ಮಣ್ಣಿನ ಸಮೇತ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಅಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದಳು. ಒಳಗೆ ಕೂರಲು ಬಿಡಲಿಲ್ಲ.

"ಚಾ ಮತ್ತೆ ಕುಡಿಯುವ, ಮೊದಲು ಬಾ. ಇಲ್ಲಿಯ ಹರಿವೆ ಸೊಪ್ಪು ನೋಡಬೇಕು ನೀನು" ಎಂದು ಎಳೆದುಕೊಂಡೇ ಹೋದಳು. ಯಜಮಾನರು ಹಿಂದಿನಿಂದ, ಕೊಳ್ಳುವುದು ನಮ್ಮ ಕೆಲಸ, ನೀವು ಚೀಲ ಹಿಡಿದರೆ ಸಾಕು ಎಂದು ನಾನು ಹೇಳಿದ್ದರಿಂದ, ಎರಡು ಖಾಲಿ ಚೀಲ ಹಿಡಿದುಕೊಂಡು ಬಂದರು.